ಚಾಲನೆಯಲ್ಲಿರುವ ಗಣಕದ ಸ್ಮೃತಿ - ಓದು ಮತ್ತು ತಿದ್ದುಪಡಿ: ಗ್ರಂಥಸಂಪಾದನೆಯ ದೃಷ್ಟಿಯಿಂದ ಒಂದು ಪರಿಶೀಲನೆ

1. ಪ್ರಸ್ತಾವನೆ

ಬರೆಹವನ್ನು ಓದುವುದು, ಅದರಲ್ಲಿ ಹೊಕ್ಕಿರುವ ದೋಷವನ್ನು ಗುರುತಿಸುವುದು, ಆಧಾರಸಹಿತವಾಗಿ ಅದನ್ನು ತಿದ್ದುವುದು - ಇವು ಗ್ರಂಥಸಂಪಾದಕನ ಮೂರು ಮುಖ್ಯ ಕಾರ್ಯಗಳು. ಓಲೆಗರಿ, ಕಡತ ಹಾಗೂ ಕಾಗದದ ಪ್ರತಿಗಳನ್ನು ಕುರಿತಂತೆ ಈ ಶಾಸ್ತ್ರವು ಕನ್ನಡದಲ್ಲಿ ಸಾಕಷ್ಟು ಬೆಳೆದಿದೆ. ಡಿ. ಎಲ್. ನರಸಿಂಹಾಚಾರ್ ಅವರ 'ಕನ್ನಡ ಗ್ರಂಥಸಂಪಾದನೆ'ಯಂತಹ ಕೃತಿಗಳ ಮೂಲಕ ಪಾಠಾಂತರ, ಸ್ಖಾಲಿತ್ಯ, ಪ್ರಕ್ಷೇಪ, ತ್ರುಟಿತಭಾಗ ಮೊದಲಾದ ಪರಿಭಾಷೆಗಳು ನಮ್ಮ ವಿದ್ಯಾರ್ಥಿಗಳಿಗೆ ಚಿರಪರಿಚಿತವಾಗಿವೆ.

ಇಂದು ಕನ್ನಡದ ಬರೆಹದ ಬಹುಪಾಲು ಕಾಗದದ ಮೇಲಲ್ಲ, ಗಣಕದ ಸ್ಮೃತಿಯಲ್ಲಿ ಮೊದಲು ಮೂಡುತ್ತದೆ. ಈ ಸ್ಮೃತಿಯೂ ಓದಬಹುದಾದ, ದೋಷ ಹೊಗಬಹುದಾದ, ತಿದ್ದಬಹುದಾದ ಒಂದು ಬರೆಹವೇ ಆಗಿದೆ. ಆದರೆ ಓಲೆಗರಿಗೂ ಇದಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. ಓಲೆಗರಿಯು ಓದುಗನಿಗಾಗಿ ಕಾದು ಕುಳಿತಿರುತ್ತದೆ. ಚಾಲನೆಯಲ್ಲಿರುವ ಗಣಕದ ಸ್ಮೃತಿಯಾದರೋ ನಾವು ಓದುತ್ತಿರುವಾಗಲೇ ಬದಲಾಗುತ್ತಿರುತ್ತದೆ. ಅಷ್ಟೇ ಅಲ್ಲ, ಅದರಲ್ಲಿನ ಒಂದು ಸಂಕೇತವನ್ನು ತಿದ್ದಿದರೆ ಅರ್ಥವಷ್ಟೇ ಅಲ್ಲದೆ ಯಂತ್ರದ ವರ್ತನೆಯೇ ಬದಲಾಗುತ್ತದೆ.

ಇಂತಹ ಸ್ಮೃತಿಯನ್ನು ಹೇಗೆ ಓದಲಾಗುತ್ತದೆ, ಹೇಗೆ ತಿದ್ದಲಾಗುತ್ತದೆ ಎಂಬುದನ್ನು ಕೆಲವು ನೈಜ ನಿದರ್ಶನಗಳ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಕಾರ್ಯಕ್ಕೆ ಬೇಕಾದ ಶಿಸ್ತು ಗ್ರಂಥಸಂಪಾದಕನ ಶಿಸ್ತೇ ಆಗಿದೆ. ಅದನ್ನು ಪಾಲಿಸಿದಲ್ಲಿ ಕೈತಪ್ಪಿದ ಯಂತ್ರಗಳು ಉಳಿದಿವೆ, ಪಾಲಿಸದಲ್ಲಿ ಹಾನಿ ಸಂಭವಿಸಿದೆ ಎಂಬುದು ಇಲ್ಲಿಯ ಪ್ರತಿಪಾದನೆ.

2. ಸ್ಮೃತಿಯ ಸ್ವರೂಪ

ಗಣಕದ ಸ್ಮೃತಿಯನ್ನು ಕ್ರಮಸಂಖ್ಯೆ ಹೊಂದಿರುವ ಮನೆಗಳ ಒಂದು ಉದ್ದನೆಯ ಸಾಲು ಎಂದು ಭಾವಿಸಬಹುದು. ಪ್ರತಿ ಮನೆಯ ಕ್ರಮಸಂಖ್ಯೆಯೇ ಅದರ 'ವಿಳಾಸ'. ಪ್ರತಿ ಮನೆಯಲ್ಲಿ ಒಂದು ಬೈಟ್, ಅಂದರೆ ಸೊನ್ನೆ ಅಥವಾ ಒಂದು ಎಂಬ ಬೆಲೆಯುಳ್ಳ ಎಂಟು ಬಿಟ್‌ಗಳು ಇರುತ್ತವೆ. ಆದ್ದರಿಂದ ಒಂದು ಮನೆಯಲ್ಲಿ 0ಯಿಂದ 255ರವರೆಗಿನ ಯಾವುದಾದರೊಂದು ಸಂಖ್ಯೆ ಇರಬಲ್ಲದು. ಈ ಸಂಖ್ಯೆಗೆ ತನ್ನಷ್ಟಕ್ಕೆ ಯಾವ ಅರ್ಥವೂ ಇಲ್ಲ. ಅದು ಒಂದು ಅಕ್ಷರದ ಭಾಗವಾಗಿರಬಹುದು, ಒಂದು ಚಿತ್ರದ ಬಣ್ಣವಾಗಿರಬಹುದು, ಲೆಕ್ಕದ ಮೊತ್ತವಾಗಿರಬಹುದು ಅಥವಾ ಯಂತ್ರಕ್ಕೆ ಕೊಟ್ಟ ಆದೇಶವಾಗಿರಬಹುದು. ಆದೇಶಗಳೂ ದತ್ತಾಂಶವೂ ಒಂದೇ ಸ್ಮೃತಿಯಲ್ಲಿ ನೆಲೆಸುವುದು ಇಂದಿನ ಗಣಕಗಳ ಮೂಲಲಕ್ಷಣ. ಒಂದು ಬೈಟ್ ಏನೆಂಬುದು ಅದನ್ನು ಯಾರು, ಯಾವ ಕ್ರಮದಲ್ಲಿ ಓದುತ್ತಾರೆ ಎಂಬುದನ್ನು ಅವಲಂಬಿಸಿದೆ.

ಸ್ಮೃತಿಯನ್ನು ಇಣುಕಿ ನೋಡುವ ಕೆಲಸ ಗಣಕದಷ್ಟೇ ಹಳೆಯದು. 1948ರ ಜೂನ್ 21ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 'ಬೇಬಿ' ಎಂಬ ಪುಟ್ಟ ಗಣಕವು ತನ್ನ ಸ್ಮೃತಿಯಲ್ಲೇ ಇರಿಸಿದ್ದ ಕ್ರಮವಿಧಿಯನ್ನು ಮೊದಲ ಬಾರಿಗೆ ನಡೆಸಿತು. ಅದರ ಸ್ಮೃತಿಯಲ್ಲಿ ಇದ್ದುದು ತಲಾ 32 ಬಿಟ್‌ಗಳ 32 ಸಾಲುಗಳು, ಒಟ್ಟು 1,024 ಬಿಟ್‌ಗಳು ಮಾತ್ರ. ಈ ಬಿಟ್‌ಗಳನ್ನು ಕ್ಯಾಥೋಡ್ ಕಿರಣ ನಳಿಕೆಯಲ್ಲಿ ವಿದ್ಯುದಾವೇಶದ ರೂಪದಲ್ಲಿ ಹಿಡಿದಿಡಲಾಗುತ್ತಿತ್ತು. ಅದರ ವಿನ್ಯಾಸವನ್ನೇ ತೋರಿಸುವ ಇನ್ನೊಂದು ನಳಿಕೆಯ ಪರದೆಯ ಮೇಲೆ ಸ್ಮೃತಿಯ ಒಡಲು ಬೆಳಕಿನ ಚುಕ್ಕೆ ಗೆರೆಗಳಾಗಿ ಕಣ್ಣಿಗೆ ಕಾಣುತ್ತಿತ್ತು. ಟಾಮ್ ಕಿಲ್ಬರ್ನ್ ಬರೆದ ಮೊದಲ ಕ್ರಮವಿಧಿಯ ಉತ್ತರವನ್ನು ಓದಿಕೊಂಡದ್ದು ಈ ಪರದೆಯಿಂದಲೇ. ಸ್ಮೃತಿಯೊಳಕ್ಕೆ ಬಿಟ್‌ಗಳನ್ನು ಕೂಡಿಸಲು ಗುಂಡಿಗಳನ್ನು ಒತ್ತಬೇಕಾಗಿತ್ತು. ಅಂದರೆ ಗಣಕದ ಆರಂಭದಲ್ಲಿ ಸ್ಮೃತಿಯನ್ನು ಓದುವುದೂ ತಿದ್ದುವುದೂ ಗಣಕವನ್ನು ಬಳಸುವ ಸಹಜ ಕ್ರಮವೇ ಆಗಿತ್ತು.

ಸ್ಮೃತಿ ದೊಡ್ಡದಾಗುತ್ತ ಹೋದಂತೆ ಅದು ಕಣ್ಣಿಗೆ ಮರೆಯಾಯಿತು. ಆದರೂ 1970 ಮತ್ತು 80ರ ದಶಕಗಳ ಮನೆಬಳಕೆಯ ಗಣಕಗಳಲ್ಲಿ ಬೇಸಿಕ್ ಭಾಷೆಯ 'ಪೀಕ್' ಮತ್ತು 'ಪೋಕ್' ಎಂಬ ಎರಡು ಪದಗಳು ಈ ಬಾಗಿಲನ್ನು ತೆರೆದೇ ಇರಿಸಿದ್ದವು. 'ಪೀಕ್' ಎಂದರೆ ಇಣುಕುವುದು: ಹೇಳಿದ ವಿಳಾಸದಲ್ಲಿರುವ ಸಂಖ್ಯೆಯನ್ನು ಅದು ತಿಳಿಸುತ್ತಿತ್ತು. 'ಪೋಕ್' ಎಂದರೆ ತಿವಿಯುವುದು: ಆ ವಿಳಾಸದಲ್ಲಿ ಹೊಸ ಸಂಖ್ಯೆಯನ್ನು ಇರಿಸುತ್ತಿತ್ತು. 1984ರಲ್ಲಿ ಭಾರತದ ಶಾಲೆಗಳಲ್ಲಿ ಆರಂಭವಾದ 'ಕ್ಲಾಸ್' ಯೋಜನೆಯಡಿ ಬಂದ ಬಿಬಿಸಿ ಮೈಕ್ರೋ ಗಣಕಗಳಲ್ಲಿ ಈ ಎರಡೂ ಕೆಲಸಗಳಿಗೆ ಪ್ರಶ್ನಾರ್ಥಕ ಚಿಹ್ನೆಯನ್ನು ಬಳಸಲಾಗುತ್ತಿತ್ತು.

3. ಸ್ಮೃತಿಯಲ್ಲಿ ಕನ್ನಡ ಪದ

ಕನ್ನಡ ಬರೆಹವು ಸ್ಮೃತಿಯಲ್ಲಿ ಯಾವ ರೂಪದಲ್ಲಿರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡಬಹುದು. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ಕನ್ನಡ ಲಿಪಿಗೆ 3200ರಿಂದ 3327ರವರೆಗಿನ 128 ಸ್ಥಾನಗಳನ್ನು ಮೀಸಲಿರಿಸಲಾಗಿದೆ. ಇದರಲ್ಲಿ 'ಕ'ಕಾರದ ಸಂಖ್ಯೆ 3221, 'ನ'ಕಾರದ್ದು 3240, 'ಡ'ಕಾರದ್ದು 3233, ಅರ್ಧಾಕ್ಷರದ ಚಿಹ್ನೆಯದು 3277. 'ಕನ್ನಡ' ಎಂಬ ಪದ ನಮ್ಮ ಕಣ್ಣಿಗೆ ಮೂರು ಅಕ್ಷರಗಳಾಗಿ ಕಂಡರೂ ಸ್ಮೃತಿಯಲ್ಲಿ ಐದು ಸಂಕೇತಗಳಾಗಿ ಇರುತ್ತದೆ: ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಒತ್ತಕ್ಷರ ಎಂಬ ಆಕಾರ ಸ್ಮೃತಿಯ ಬರೆಹದಲ್ಲಿ ಇಲ್ಲ. ಅದು ಪರದೆಯ ಮೇಲೆ ಮೂಡುವಾಗ ಅಕ್ಷರವಿನ್ಯಾಸವು ಕಲ್ಪಿಸುವ ರೂಪ.

ಈ ಐದು ಸಂಕೇತಗಳನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದಾಗ ಪ್ರತಿಯೊಂದಕ್ಕೂ ಮೂರು ಬೈಟ್‌ಗಳಂತೆ ಒಟ್ಟು 15 ಬೈಟ್‌ಗಳಾಗುತ್ತವೆ:

224 178 149, 224 178 168, 224 179 141, 224 178 168, 224 178 161.

ಇದೇ ಪದವನ್ನು ಯುಟಿಎಫ್-16 ಕ್ರಮದಲ್ಲಿ, ಕಿರಿಯ ಬೈಟ್ ಮೊದಲು ಬರುವಂತೆ ಬರೆದರೆ 149 12, 168 12, 205 12, 168 12, 161 12 ಎಂದು ಹತ್ತೇ ಬೈಟ್‌ಗಳಾಗುತ್ತವೆ. ಆದ್ದರಿಂದ ಸ್ಮೃತಿಯಲ್ಲಿ 'ಕನ್ನಡ' ಎಂಬ ಪದವನ್ನು ಹುಡುಕುವವನು ಎರಡೂ ಪಾಠಗಳನ್ನು ಗಮನದಲ್ಲಿ ಇರಿಸಿಕೊಳ್ಳಬೇಕಾಗುತ್ತದೆ. ಒಂದೇ ಕೃತಿಯ ಪ್ರತಿಗಳು ಎರಡು ಲಿಪಿಗಳಲ್ಲಿ ದೊರೆತಾಗ ಸಂಪಾದಕನು ಎರಡನ್ನೂ ಓದಲು ಬಲ್ಲವನಾಗಿರಬೇಕಷ್ಟೆ.

ಇನ್ನು ದೋಷದ ಸ್ವರೂಪವನ್ನು ಗಮನಿಸೋಣ. 'ತಲೆ' ಎಂಬ ಪದದ 'ತ'ಕಾರದ ಕೊನೆಯ ಬೈಟ್ 164. ಇದನ್ನು ಬಿಟ್‌ಗಳಲ್ಲಿ 10100100 ಎಂದು ಬರೆಯಲಾಗುತ್ತದೆ. 'ಬ'ಕಾರದ ಕೊನೆಯ ಬೈಟ್ 172, ಅಂದರೆ 10101100. ಇವೆರಡರ ನಡುವಿನ ವ್ಯತ್ಯಾಸ ಒಂದೇ ಒಂದು ಬಿಟ್. ಆ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಮಗುಚಿದರೆ 'ತಲೆ' ಹೋಗಿ 'ಬಲೆ' ಆಗುತ್ತದೆ. ಓದುಗನಿಗೆ ಇಲ್ಲಿ ಯಾವ ಅನುಮಾನವೂ ಬಾರದು. 'ಬಲೆ' ಎಂಬುದೂ ಸಾರ್ಥಕವಾದ ಪದವೇ. ಎರಡೂ ಪದಗಳಲ್ಲಿ ಎರಡೆರಡೇ ಮಾತ್ರೆಗಳಿರುವುದರಿಂದ ಪದ್ಯದಲ್ಲಿಯೂ ಛಂದಸ್ಸು ಕೆಡುವುದಿಲ್ಲ. ಪ್ರಾಸವು ಎರಡನೆಯ ಅಕ್ಷರದಲ್ಲಿ ನಿಲ್ಲುವುದರಿಂದ ಅದೂ ನೆರವಿಗೆ ಬಾರದು. ಇದಕ್ಕೆ ಬದಲಾಗಿ ಮೊದಲ ಬೈಟ್ 224ರಲ್ಲಿ ಒಂದು ಬಿಟ್ ಮಗುಚಿದ್ದರೆ ಇಡೀ ಅಕ್ಷರವೇ ಕೆಟ್ಟು ಪರದೆಯ ಮೇಲೆ ಅರ್ಥಹೀನ ಚಿಹ್ನೆಗಳು ಕಾಣುತ್ತಿದ್ದವು. ಅರ್ಥ ಕೆಟ್ಟ ದೋಷವನ್ನು ಗುರುತಿಸುವುದು ಸುಲಭ, ಅರ್ಥವುಳ್ಳ ದೋಷವನ್ನು ಗುರುತಿಸುವುದು ಕಷ್ಟ ಎಂಬ ಗ್ರಂಥಸಂಪಾದನೆಯ ಅನುಭವ ಇಲ್ಲಿಯೂ ಸತ್ಯವಾಗಿದೆ.

ತಿದ್ದುಪಡಿಗೂ ಇಲ್ಲೊಂದು ಮಿತಿಯಿದೆ. 'ತಲೆ'ಯನ್ನು 'ಬಲೆ'ಯಾಗಿಸಲು ಹೆಚ್ಚಿನ ಸ್ಥಳ ಬೇಕಿಲ್ಲ. ಆದರೆ 'ಕನ್ನಡ'ವನ್ನು 'ಕನ್ನಡಿ'ಯಾಗಿಸಬೇಕಾದರೆ ಗುಡಿಸಿನ ಚಿಹ್ನೆಗೆ 224 178 191 ಎಂಬ ಇನ್ನೂ ಮೂರು ಬೈಟ್‌ಗಳು ಬೇಕು. ಸ್ಮೃತಿಯಲ್ಲಿ ಪಕ್ಕದ ಮನೆಗಳು ಸಾಮಾನ್ಯವಾಗಿ ಖಾಲಿ ಇರುವುದಿಲ್ಲ. ಗುಡಿಸನ್ನು ಹಾಗೆಯೇ ಬರೆದರೆ ಅಲ್ಲಿದ್ದ ಬೇರೊಂದು ವಿಷಯ ಅಳಿಸಿಹೋಗುತ್ತದೆ. ಓಲೆಗರಿಯಲ್ಲಾದರೆ ಲಿಪಿಕಾರನು ಬಿಟ್ಟ ಅಕ್ಷರವನ್ನು ಸಾಲಿನ ಕೆಳಗೆ ಬರೆದು ಗುರುತು ಹಾಕಬಹುದು. ಸ್ಮೃತಿಗೆ ಅಂಚು ಎಂಬುದಿಲ್ಲ.

ಇಷ್ಟೆಲ್ಲ ಓದಲು ಸಾಧ್ಯವಾದದ್ದು ಸಂಕೇತಗಳ ಪಟ್ಟಿ ನಮ್ಮ ಕೈಯಲ್ಲಿರುವುದರಿಂದ. ಯೂನಿಕೋಡ್ ವ್ಯಾಪಕವಾಗುವ ಮೊದಲು ಕನ್ನಡದ ಅಪಾರ ಬರೆಹವನ್ನು ಅಕ್ಷರವಿನ್ಯಾಸಗಳನ್ನೇ ಆಧರಿಸಿದ ಸಂಕೇತಗಳಲ್ಲಿ ಬೆರಳಚ್ಚಿಸಲಾಯಿತು. ಅವುಗಳಲ್ಲಿ ಒಂದು ಬೈಟ್ ಒಂದು ಅಕ್ಷರವನ್ನಲ್ಲ, ತಲೆಕಟ್ಟು, ಕೊಂಬು, ಒತ್ತು ಮುಂತಾದ ಆಕಾರದ ತುಣುಕೊಂದನ್ನು ಸೂಚಿಸುತ್ತಿತ್ತು. ಆಯಾ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅದೇ ಕಡತ ರೋಮನ್ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ಬೈಟ್‌ಗಳು ಉಳಿದಿವೆ, ಪಠ್ಯ ಮಾತ್ರ ಕಾಣೆಯಾಗಿದೆ.

4. ಓದುವ ವಿಧಾನ

ಇಂದಿನ ಗಣಕದಲ್ಲಿ ಚಾಲನೆಯಲ್ಲಿರುವ ಪ್ರತಿ ತಂತ್ರಾಂಶಕ್ಕೂ ಕಾರ್ಯಾಚರಣ ವ್ಯವಸ್ಥೆಯು ಪ್ರತ್ಯೇಕವಾದ ಸ್ಮೃತಿಯ ಆವರಣವನ್ನು ಒದಗಿಸುತ್ತದೆ. ಒಂದು ತಂತ್ರಾಂಶ ಬಳಸುವ ವಿಳಾಸಗಳು ಮಿಥ್ಯಾ ವಿಳಾಸಗಳು. ಅವುಗಳನ್ನು ನಿಜವಾದ ಸ್ಥಾನಗಳೊಡನೆ ಹೊಂದಿಸುವ ಕೋಷ್ಟಕವನ್ನು ವ್ಯವಸ್ಥೆಯೇ ನಿರ್ವಹಿಸುತ್ತದೆ. ಹೊಂದಾಣಿಕೆಯ ಘಟಕವಾದ 'ಪುಟ'ದ ಗಾತ್ರ ಸಾಮಾನ್ಯವಾಗಿ 4,096 ಬೈಟ್‌ಗಳು. ಹೀಗಾಗಿ ಎರಡು ತಂತ್ರಾಂಶಗಳು ಒಂದೇ ವಿಳಾಸವನ್ನು ಹೇಳಿದರೂ ಅವು ಸೂಚಿಸುವ ಸ್ಥಳಗಳು ಬೇರೆ ಬೇರೆಯಾಗಿರಬಹುದು.

ಲಿನಕ್ಸ್ ವ್ಯವಸ್ಥೆಯಲ್ಲಿ ಈ ಆವರಣವನ್ನು ನೋಡಲು ನೇರವಾದ ದಾರಿಯಿದೆ. 'ಪ್ರಾಕ್' ಎಂಬ ಕಡತಕೋಶದಲ್ಲಿ ಚಾಲನೆಯಲ್ಲಿರುವ ಪ್ರತಿ ತಂತ್ರಾಂಶಕ್ಕೂ ಅದರ ಸಂಖ್ಯೆಯ ಹೆಸರಿನಲ್ಲಿ ಒಂದು ಉಪಕೋಶವಿರುತ್ತದೆ. ಅದರೊಳಗಿನ 'ಮ್ಯಾಪ್ಸ್' ಎಂಬ ಕಡತವು ಸ್ಮೃತಿಯ ಯಾವ ವಿಳಾಸದಿಂದ ಯಾವ ವಿಳಾಸದವರೆಗೆ ಏನಿದೆ, ಆ ಭಾಗವನ್ನು ಓದಬಹುದೇ, ಬರೆಯಬಹುದೇ, ಆದೇಶವಾಗಿ ನಡೆಸಬಹುದೇ ಎಂಬುದನ್ನು ತಿಳಿಸುತ್ತದೆ. ಇದು ಗ್ರಂಥದ ವಿಷಯಾನುಕ್ರಮಣಿಕೆ ಇದ್ದಂತೆ. 'ಮೆಮ್' ಎಂಬ ಇನ್ನೊಂದು ಕಡತವೇ ಗ್ರಂಥದ ಒಡಲು. ತಕ್ಕ ಅನುಮತಿಯುಳ್ಳವನು ಅದರ ಮೂಲಕ ಬೈಟ್‌ಗಳನ್ನು ಓದಬಹುದು, ಬರೆಯಲೂಬಹುದು.

ಆದರೆ ಇಲ್ಲಿ ಕಾಲದ ತೊಡಕು ಎದುರಾಗುತ್ತದೆ. ತಂತ್ರಾಂಶ ಓಡುತ್ತಿರುವಾಗ ಅದರ ಸ್ಮೃತಿಯನ್ನು ಮೊದಲಿನಿಂದ ಕೊನೆಯವರೆಗೆ ನಕಲು ಮಾಡುತ್ತ ಹೋದರೆ, ಕೊನೆಯ ಪುಟವನ್ನು ತಲುಪುವ ಹೊತ್ತಿಗೆ ಮೊದಲ ಪುಟ ಬದಲಾಗಿರಬಹುದು. ಆಗ ದೊರೆಯುವ ಪ್ರತಿಯು ಯಾವ ಒಂದು ಕ್ಷಣದಲ್ಲಿಯೂ ಅಸ್ತಿತ್ವದಲ್ಲಿ ಇರದಿದ್ದ ಮಿಶ್ರಪಾಠವಾಗುತ್ತದೆ. ಕವಿಯು ತಿದ್ದುತ್ತಿರುವಾಗಲೇ ಲಿಪಿಕಾರನು ನಕಲು ಮಾಡಿದರೆ ಆಗುವ ಅನಾಹುತವೇ ಇದು. ಆದ್ದರಿಂದ ದೋಷಶೋಧಕ ತಂತ್ರಾಂಶಗಳು ಮೊದಲು ಗುರಿಯಾದ ತಂತ್ರಾಂಶವನ್ನು ಕ್ಷಣಕಾಲ ತಡೆದು ನಿಲ್ಲಿಸುತ್ತವೆ, ಅನಂತರ ಓದುತ್ತವೆ.

ದೋಷಶೋಧಕವು ಅನುಸರಿಸುವ ಇನ್ನೊಂದು ಕ್ರಮ ಗಮನಾರ್ಹವಾಗಿದೆ. ಗೊತ್ತಾದ ಸ್ಥಳಕ್ಕೆ ಬಂದಾಗ ತಂತ್ರಾಂಶ ನಿಲ್ಲುವಂತೆ ಮಾಡಲು, ಇಂಟೆಲ್ ಮಾದರಿಯ ಸಂಸ್ಕಾರಕಗಳಲ್ಲಿ ಅದು ಅಲ್ಲಿಯ ಆದೇಶದ ಮೊದಲ ಬೈಟ್ ಅನ್ನು ತೆಗೆದು 204 ಎಂಬ ಬೈಟ್ ಅನ್ನು ಇರಿಸುತ್ತದೆ. ಸಂಸ್ಕಾರಕವು 204 ಅನ್ನು ಕಂಡೊಡನೆ ನಿಲ್ಲುತ್ತದೆ. ಶೋಧನೆ ಮುಗಿದ ಮೇಲೆ, ಮೊದಲೇ ಬದಿಗೆ ತೆಗೆದಿರಿಸಿದ್ದ ಮೂಲ ಬೈಟ್ ಅನ್ನು ಅದೇ ಸ್ಥಳದಲ್ಲಿ ಮರಳಿ ಇರಿಸಲಾಗುತ್ತದೆ. ಮೂಲಪಾಠವನ್ನು ದಾಖಲಿಸದೆ ತಿದ್ದುಪಡಿ ಮಾಡಬಾರದೆಂಬ ನಿಯಮ ಇಲ್ಲಿ ಯಂತ್ರದ ಕಾರ್ಯವಿಧಾನದಲ್ಲೇ ಅಡಕವಾಗಿದೆ.

5. ಒಂದು ಬಿಟ್‌ನ ಪಾಠಾಂತರ: ವಾಯೇಜರ್-2

ಮೇಲೆ ಹೇಳಿದ 'ತಲೆ-ಬಲೆ'ಯ ದೋಷ ಕೇವಲ ಕಲ್ಪನೆಯಲ್ಲ ಎಂಬುದಕ್ಕೆ ಅಮೆರಿಕದ ವಾಯೇಜರ್-2 ನೌಕೆಯ ನಿದರ್ಶನವನ್ನು ನೋಡಬಹುದು. 1977ರಲ್ಲಿ ಉಡಾವಣೆಗೊಂಡ ಈ ನೌಕೆಯು 2010ರ ಏಪ್ರಿಲ್‌ನಲ್ಲಿ ಕಳುಹಿಸತೊಡಗಿದ ವೈಜ್ಞಾನಿಕ ದತ್ತಾಂಶ ಓದಲಾಗದಂತೆ ಕೆಟ್ಟಿತ್ತು. ಆಗ ನೌಕೆಯ ಸಂಕೇತ ಭೂಮಿಯನ್ನು ತಲುಪಲು ಸುಮಾರು 13 ಗಂಟೆಗಳು ಬೇಕಾಗುತ್ತಿದ್ದವು.

ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ತಂತ್ರಜ್ಞರು ಮೊದಲು ತಿದ್ದಲು ಹೊರಡಲಿಲ್ಲ. ದತ್ತಾಂಶವನ್ನು ಕ್ರಮಗೊಳಿಸುವ ಗಣಕದ ಸ್ಮೃತಿಯ ಪೂರ್ಣ ಪ್ರತಿಯನ್ನು ಕಳುಹಿಸುವಂತೆ ನೌಕೆಗೆ ಆದೇಶಿಸಿದರು. ಮೇ 12ರಂದು ಆ ಪ್ರತಿ ಅವರ ಕೈಸೇರಿತು. ಅದನ್ನು ಪರಿಶೀಲಿಸಿದಾಗ ಸೊನ್ನೆ ಇರಬೇಕಾದಲ್ಲಿ ಒಂದು ಇರುವ ಒಂದೇ ಒಂದು ಬಿಟ್ ಪತ್ತೆಯಾಯಿತು. ಅನಂತರವೂ ಅವರು ಆತುರಪಡದೆ ಅದೇ ಬಿಟ್ ಅನ್ನು ಪ್ರಯೋಗಾಲಯದ ಗಣಕದಲ್ಲಿ ಮಗುಚಿ, ಅದರಿಂದ ಉಂಟಾಗುವ ಪರಿಣಾಮ ನೌಕೆಯಿಂದ ಬರುತ್ತಿದ್ದ ದತ್ತಾಂಶದೊಡನೆ ಹೊಂದುತ್ತದೆಯೇ ಎಂದು ಪರೀಕ್ಷಿಸಿದರು. ಹೊಂದಿತು. ಆ ಮೇಲೆಯೇ, ಮೇ 19ರಂದು, ಆ ಬಿಟ್ ಅನ್ನು ಮೊದಲಿನ ಸ್ಥಿತಿಗೆ ತರುವ ಆದೇಶವನ್ನು ಕಳುಹಿಸಲಾಯಿತು. ಕೆಲವೇ ದಿನಗಳಲ್ಲಿ ವಾಯೇಜರ್-2 ಸರಿಯಾದ ದತ್ತಾಂಶವನ್ನು ಕಳುಹಿಸತೊಡಗಿತು.

ಇಲ್ಲಿಯ ಹೆಜ್ಜೆಗಳನ್ನು ಕ್ರಮವಾಗಿ ಹೇಳುವುದಾದರೆ: ಪ್ರತಿಯ ಸಂಗ್ರಹ, ಪಾಠಗಳ ತುಲನೆ, ಪಾಠಾಂತರದ ನಿರ್ಣಯ, ದೋಷ ಹುಟ್ಟಿದ ಬಗೆಯ ವಿವರಣೆ, ಕೊನೆಯಲ್ಲಿ ಪರಿಷ್ಕರಣ. ಸಂಪಾದಕನ ಕಾರ್ಯಕ್ರಮವೂ ಇದೇ ಆಗಿದೆ.

6. ತ್ರುಟಿತಭಾಗದ ಪುನಾರಚನೆ: ವಾಯೇಜರ್-1

ಇದಕ್ಕಿಂತ ಜಟಿಲವಾದ ಪ್ರಸಂಗ ವಾಯೇಜರ್-1 ನೌಕೆಯದು. ಈ ನೌಕೆಯ ದತ್ತಾಂಶ ಗಣಕದ ಸ್ಮೃತಿಯಲ್ಲಿ 16 ಬಿಟ್‌ಗಳ ಸುಮಾರು ಎಂಟು ಸಾವಿರ ಪದಗಳಿಗೆ ಮಾತ್ರ ಅವಕಾಶವಿದೆ. 2023ರ ನವೆಂಬರ್ 14ರಿಂದ ನೌಕೆಯ ದತ್ತಾಂಶ ಅರ್ಥಹೀನವಾಯಿತು. ಸೊನ್ನೆ ಒಂದುಗಳ ಒಂದೇ ವಿನ್ಯಾಸ ಮರುಕಳಿಸುತ್ತಿತ್ತು. ನೌಕೆ ಆದೇಶಗಳನ್ನು ಸ್ವೀಕರಿಸುತ್ತಿತ್ತು, ಆದರೆ ತನ್ನ ಸ್ಥಿತಿಯನ್ನು ತಿಳಿಸಲು ಅಸಮರ್ಥವಾಗಿತ್ತು.

2024ರ ಮಾರ್ಚ್ 1ರಂದು ತಂತ್ರಜ್ಞರು 'ಪೋಕ್' ಎಂದು ತಾವು ಕರೆದ ಆದೇಶವೊಂದನ್ನು ಕಳುಹಿಸಿದರು. ಕೆಟ್ಟ ಭಾಗವೇನಾದರೂ ಇದ್ದಲ್ಲಿ ಅದನ್ನು ಬಳಸಿಕೊಂಡು ಹೋಗುವ ಬದಲು ಬಿಟ್ಟು ಮುಂದುವರಿಯುವಂತೆ, ತಂತ್ರಾಂಶದ ಬೇರೆ ಬೇರೆ ಭಾಗಗಳನ್ನು ನಡೆಸಿ ನೋಡುವಂತೆ ಗಣಕವನ್ನು ಪ್ರಚೋದಿಸುವುದು ಅದರ ಉದ್ದೇಶ. ಮಾರ್ಚ್ 3ರಂದು ಬಂದ ಸಂಕೇತ ಹಿಂದಿನಂತಿರಲಿಲ್ಲ. ಸರಿಯಾದ ದತ್ತಾಂಶದ ರೂಪದಲ್ಲಿಯೂ ಇರಲಿಲ್ಲ. ದೂರಾಂತರಿಕ್ಷ ಸಂಪರ್ಕ ಜಾಲದ ತಂತ್ರಜ್ಞರೊಬ್ಬರು ಅದನ್ನು ಬಿಡಿಸಿ ಓದಿದರು. ಅದರಲ್ಲಿ ಸ್ಮೃತಿಯ ಪೂರ್ಣ ಪ್ರತಿಯೇ ಅಡಗಿತ್ತೆಂಬುದು ಮಾರ್ಚ್ 10ರಂದು ಖಚಿತವಾಯಿತು. ಬರೆಹ ಇಂತಹ ಭಾಷೆಯದೆಂದು ಗುರುತಿಸಬಲ್ಲ ಒಬ್ಬ ಓದುಗನಿದ್ದುದರಿಂದಲೇ ಅದು ಬರೆಹವಾಯಿತು ಎಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.

ದೋಷಕ್ಕೆ ಮೊದಲಿನ ಕಾಲದ ಪ್ರತಿಯೊಂದು ಭೂಮಿಯಲ್ಲಿತ್ತು. ಎರಡನ್ನೂ ತುಲನೆ ಮಾಡಿದಾಗ ಸ್ಮೃತಿಯ ಸುಮಾರು ಶೇ. 3ರಷ್ಟು ಭಾಗ ಕೆಟ್ಟಿರುವುದು, ಒಂದು ಚಿಪ್ ನಿಷ್ಕ್ರಿಯವಾದುದೇ ಇದಕ್ಕೆ ಕಾರಣವೆಂಬುದು ತಿಳಿದುಬಂದಿತು. ಬಾಹ್ಯಾಕಾಶದ ಶಕ್ತಿಯುತ ಕಣವೊಂದರ ಹೊಡೆತದಿಂದ ಹೀಗಾಗಿರಬಹುದು ಅಥವಾ 46 ವರ್ಷಗಳ ಬಳಕೆಯಿಂದ ಚಿಪ್ ಸವೆದಿರಬಹುದು ಎಂದು ತಂತ್ರಜ್ಞರು ಅಭಿಪ್ರಾಯಪಟ್ಟರು.

ವಾಯೇಜರ್-2ರಲ್ಲಿ ಅಕ್ಷರ ತಪ್ಪಿತ್ತು. ಇಲ್ಲಿ ಗರಿಯೇ ಮುರಿದಿತ್ತು. ಆದ್ದರಿಂದ ಅದೇ ಸ್ಥಳದಲ್ಲಿ ತಿದ್ದಿ ಬರೆಯುವ ಪ್ರಶ್ನೆಯೇ ಇರಲಿಲ್ಲ. ಕಳೆದುಹೋದ ಆದೇಶಭಾಗವನ್ನು ಬೇರೆಡೆಗೆ ಸಾಗಿಸಬೇಕಾಗಿತ್ತು, ಆದರೆ ಅದು ಹಿಡಿಸುವಷ್ಟು ದೊಡ್ಡ ಖಾಲಿ ಸ್ಥಳ ಸ್ಮೃತಿಯಲ್ಲಿ ಎಲ್ಲಿಯೂ ಒಟ್ಟಾಗಿ ಇರಲಿಲ್ಲ. 'ಕನ್ನಡಿ'ಯ ಗುಡಿಸಿಗೆ ಸ್ಥಳವಿಲ್ಲದ ಸಮಸ್ಯೆಯೇ ಇದು. ತಂತ್ರಜ್ಞರು ಆ ಭಾಗವನ್ನು ತುಂಡುಗಳಾಗಿ ವಿಂಗಡಿಸಿ ಸ್ಮೃತಿಯ ಬೇರೆ ಬೇರೆ ಕಡೆಗಳಲ್ಲಿ ಇರಿಸಲು ನಿರ್ಧರಿಸಿದರು. ತುಂಡುಗಳು ಒಟ್ಟಾಗಿ ಮೊದಲಿನಂತೆಯೇ ಕೆಲಸಮಾಡಬೇಕು. ಹಳೆಯ ವಿಳಾಸವನ್ನು ಉಲ್ಲೇಖಿಸುವ ಪ್ರತಿಯೊಂದು ಕಡೆಯಲ್ಲಿಯೂ ಹೊಸ ವಿಳಾಸ ಬರಬೇಕು. ಒಂದು ಅಧ್ಯಾಯವನ್ನು ಸ್ಥಳಾಂತರಿಸಿದಾಗ ಗ್ರಂಥದ ಎಲ್ಲ ಅಡಿಟಿಪ್ಪಣಿಗಳ ಪುಟಸಂಖ್ಯೆಗಳನ್ನೂ ಬದಲಿಸಬೇಕಾಗುವಂತೆ.

ಮೊದಲ ತಿದ್ದುಪಡಿಯನ್ನು ನೌಕೆಯ ಸ್ಥಿತಿಗತಿಯ ದತ್ತಾಂಶಕ್ಕೆ ಸಂಬಂಧಿಸಿದ ಭಾಗಕ್ಕಷ್ಟೇ ಸೀಮಿತಗೊಳಿಸಿ 2024ರ ಏಪ್ರಿಲ್ 18ರಂದು ಕಳುಹಿಸಲಾಯಿತು. ಆಗ ನೌಕೆ 2,400 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಸಂಕೇತ ಅಲ್ಲಿಗೆ ತಲುಪಲು ಇಪ್ಪತ್ತೆರಡೂವರೆ ಗಂಟೆ, ಉತ್ತರ ಬರಲು ಇನ್ನೂ ಅಷ್ಟೇ ಕಾಲ ಬೇಕಾಗಿತ್ತು. ಏಪ್ರಿಲ್ 20ರಂದು ಉತ್ತರ ಬಂದಿತು. ಐದು ತಿಂಗಳ ಅನಂತರ ಮೊದಲ ಬಾರಿಗೆ ನೌಕೆಯ ಆರೋಗ್ಯಸ್ಥಿತಿ ತಿಳಿಯಿತು. ಉಳಿದ ಭಾಗಗಳನ್ನೂ ಇದೇ ರೀತಿ ಸರಿಪಡಿಸಿದ ಮೇಲೆ ಜೂನ್ ವೇಳೆಗೆ ಆಗ ಕಾರ್ಯನಿರತವಾಗಿದ್ದ ನಾಲ್ಕು ವೈಜ್ಞಾನಿಕ ಉಪಕರಣಗಳೂ ದತ್ತಾಂಶವನ್ನು ಕಳುಹಿಸತೊಡಗಿದವು.

ಈ ಎರಡೂ ನೌಕೆಗಳಲ್ಲಿರುವ ಧ್ವನಿಮುದ್ರಿತ ಸುವರ್ಣ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿದ್ದು, ಕನ್ನಡವೂ ಅವುಗಳಲ್ಲಿ ಒಂದು. ತಟ್ಟೆಯ ಮೇಲೆ ಕೊರೆದದ್ದು ಶಾಸನದಂತೆ ಸ್ಥಿರ. ಅದನ್ನು ಯಾರೂ ತಿದ್ದಲಾರರು, ತಿದ್ದಬೇಕಾಗಿಯೂ ಇಲ್ಲ. ಅದೇ ನೌಕೆಯ ಸ್ಮೃತಿಯು ಮಾತ್ರ ಬದಲಾಗಬಲ್ಲದ್ದಾದ್ದರಿಂದ ಕೆಟ್ಟಿತು, ಬದಲಾಗಬಲ್ಲದ್ದಾದ್ದರಿಂದಲೇ ಸರಿಹೋಯಿತು.

7. ವೃತ್ತಾಂತದಲ್ಲಿಯೇ ಪಾಠಾಂತರ: ಪಾಥ್‌ಫೈಂಡರ್

ಸ್ಮೃತಿಯಲ್ಲಿ ಮಾತ್ರವಲ್ಲದೆ ಸ್ಮೃತಿಯ ತಿದ್ದುಪಡಿಯನ್ನು ಕುರಿತ ವೃತ್ತಾಂತಗಳಲ್ಲಿಯೂ ಪಾಠಾಂತರಗಳಿವೆ. 1997ರ ಜುಲೈ 4ರಂದು ಮಂಗಳಗ್ರಹದ ಮೇಲಿಳಿದ ಪಾಥ್‌ಫೈಂಡರ್ ನೌಕೆಯ ಗಣಕವು ಕೆಲವು ದಿನಗಳಲ್ಲೇ ತಾನಾಗಿ ಮರುಚಾಲನೆಗೊಳ್ಳತೊಡಗಿತು. ಕೆಳ ಆದ್ಯತೆಯ ಕಾರ್ಯವೊಂದು ಹಿಡಿದಿದ್ದ ಬೀಗಕ್ಕಾಗಿ ಮೇಲಿನ ಆದ್ಯತೆಯ ಕಾರ್ಯ ಕಾಯಬೇಕಾಗಿ ಬಂದು, ನಡುವಿನ ಆದ್ಯತೆಯ ಕಾರ್ಯಗಳು ಆ ಕಾಯುವಿಕೆಯನ್ನು ಲಂಬಿಸುತ್ತಿದ್ದುದೇ ಇದಕ್ಕೆ ಕಾರಣ. ಬೀಗ ಹಿಡಿದವನಿಗೆ ಕಾಯುವವನ ಆದ್ಯತೆ ತಾತ್ಕಾಲಿಕವಾಗಿ ದೊರೆಯುವಂತೆ ಮಾಡುವ ಸೌಲಭ್ಯವೊಂದು ವ್ಯವಸ್ಥೆಯಲ್ಲೇ ಇತ್ತು. ಆ ಬೀಗಕ್ಕೆ ಮಾತ್ರ ಅದನ್ನು ಅನ್ವಯಿಸಿರಲಿಲ್ಲ. ಅದನ್ನು ಅನ್ವಯಿಸಿದೊಡನೆ ಸಮಸ್ಯೆ ಪರಿಹಾರವಾಯಿತು.

ತಿದ್ದುಪಡಿ ಹೇಗೆ ನಡೆಯಿತು ಎಂಬುದಕ್ಕೆ ಎರಡು ಪಾಠಗಳಿವೆ. 1997ರ ಡಿಸೆಂಬರ್‌ನಲ್ಲಿ ಉಪನ್ಯಾಸವೊಂದನ್ನು ಕೇಳಿ ಮೈಕ್ ಜೋನ್ಸ್ ಬರೆದ ವರದಿಯ ಪ್ರಕಾರ, ನೌಕೆಯಲ್ಲೇ ಉಳಿಸಿದ್ದ ಸಿ ಭಾಷೆಯ ವ್ಯಾಖ್ಯಾನಕದ ಮೂಲಕ ಸ್ಮೃತಿಯಲ್ಲಿನ ಚರಮೌಲ್ಯಗಳನ್ನು ನೇರವಾಗಿ ಬದಲಿಸಲಾಯಿತು. ಈ ವರದಿಯೇ ಹೆಚ್ಚು ಪ್ರಚಾರ ಪಡೆಯಿತು. ಆದರೆ ನೌಕೆಯ ತಂತ್ರಾಂಶ ತಂಡದ ಮುಖ್ಯಸ್ಥರಾಗಿದ್ದ ಗ್ಲೆನ್ ರೀವ್ಸ್ ಇದನ್ನು ತಿದ್ದಿ ಬರೆದರು. ಅವರ ಪ್ರಕಾರ ಆ ವ್ಯಾಖ್ಯಾನಕವನ್ನು ಬಳಸಲಿಲ್ಲ. ನೌಕೆಯಲ್ಲಿರುವ ಪ್ರತಿಗೂ ಭೂಮಿಯಲ್ಲಿರುವ ಪ್ರತಿಗೂ ಇರುವ ವ್ಯತ್ಯಾಸಗಳನ್ನಷ್ಟೇ ಕಳುಹಿಸಿ, ನೌಕೆಯಲ್ಲಿನ ವಿಶೇಷ ತಂತ್ರಾಂಶವು ಹಲವು ಪರಿಶೀಲನೆಗಳನ್ನು ನಡೆಸಿದ ಬಳಿಕ ಪ್ರತಿಯನ್ನು ಬದಲಿಸಿತು. ಕೇಳಿ ಬರೆದ ಪಾಠಕ್ಕಿಂತ ಕಾರ್ಯದಲ್ಲಿ ಭಾಗಿಯಾದವರ ಪಾಠವನ್ನು ಪ್ರಮಾಣವೆಂದು ಸ್ವೀಕರಿಸುವುದು ಸಂಪಾದನೆಯ ನ್ಯಾಯ. ಪ್ರಚಾರ ಪಡೆದ ಪಾಠದಲ್ಲಿ ಸಾಹಸವಿದೆ. ಪ್ರಮಾಣಪಾಠದಲ್ಲಿ ಶಿಸ್ತು ಇದೆ.

8. ಅಧಿಕಾರದ ಪ್ರಶ್ನೆ

ಸ್ಮೃತಿಯನ್ನು ಓದುವ ಹಕ್ಕು ಯಾರಿಗೆ ಎಂಬ ಪ್ರಶ್ನೆ ಓಲೆಗರಿಯ ವಿಷಯದಲ್ಲಿ ಅಷ್ಟಾಗಿ ಏಳುವುದಿಲ್ಲ, ಇಲ್ಲಿ ಅದು ಮುಖ್ಯವಾಗುತ್ತದೆ. 2014ರ ಏಪ್ರಿಲ್ 7ರಂದು ಬೆಳಕಿಗೆ ಬಂದ 'ಹಾರ್ಟ್‌ಬ್ಲೀಡ್' ದೋಷದಲ್ಲಿ ಯಾರೂ ಏನನ್ನೂ ತಿದ್ದಬೇಕಾಗಿರಲಿಲ್ಲ. ಓಪನ್‌ಎಸ್‌ಎಸ್‌ಎಲ್ ಎಂಬ ಸುರಕ್ಷತಾ ತಂತ್ರಾಂಶಕ್ಕೆ ಚಿಕ್ಕ ಸಂದೇಶವೊಂದನ್ನು ಕಳುಹಿಸಿ, ಅದರ ಉದ್ದವನ್ನು ಮಾತ್ರ ಹೆಚ್ಚಾಗಿ ಹೇಳಿದರೆ ಸಾಕು. ಆ ತಂತ್ರಾಂಶವು ಸಂದೇಶದ ಜೊತೆಗೆ ಪಕ್ಕದಲ್ಲಿದ್ದ 64 ಕಿಲೋಬೈಟ್‌ವರೆಗಿನ ಸ್ಮೃತಿಯನ್ನೂ ಮರಳಿ ಕಳುಹಿಸುತ್ತಿತ್ತು. ಅದರಲ್ಲಿ ಗುಪ್ತಪದಗಳು, ರಹಸ್ಯ ಕೀಲಿಗಳು ಇರಬಹುದಾಗಿತ್ತು. ಓದುವುದು ಮಾತ್ರವೇ ಹಾನಿಕರವಾಗಬಲ್ಲದೆಂಬುದಕ್ಕೆ ಇದು ಸಾಕ್ಷಿ.

ತಿದ್ದುವ ಅಧಿಕಾರದ ವಿಷಯದಲ್ಲಿ ಲಿನಕ್ಸ್‌ನ ಇತಿಹಾಸ ಬೋಧಪ್ರದವಾಗಿದೆ. 2011ರ 2.6.39 ಆವೃತ್ತಿಯಲ್ಲಿ 'ಮೆಮ್' ಕಡತದ ಮೂಲಕ ಸ್ಮೃತಿಯನ್ನು ಬರೆಯಲು ಅವಕಾಶ ನೀಡಲಾಯಿತು. ಅನುಮತಿಯನ್ನು ಪರಿಶೀಲಿಸುವ ಕ್ರಮದಲ್ಲಿದ್ದ ಲೋಪದಿಂದ ಸಾಮಾನ್ಯ ಬಳಕೆದಾರನೂ ಇಡೀ ಗಣಕದ ಒಡೆತನ ಪಡೆಯಬಹುದೆಂಬುದು 2012ರ ಜನವರಿಯಲ್ಲಿ ತಿಳಿದುಬಂದು, ಅದನ್ನು ಸರಿಪಡಿಸಲಾಯಿತು. ಅದೇ ವರ್ಷದ 3.4 ಆವೃತ್ತಿಯಲ್ಲಿ ಒಂದು ತಂತ್ರಾಂಶವು ಇನ್ನೊಂದರ ಸ್ಮೃತಿಯನ್ನು ನೋಡುವುದನ್ನು ಇನ್ನಷ್ಟು ನಿರ್ಬಂಧಿಸುವ 'ಯಮ' ಎಂಬ ಸುರಕ್ಷತಾ ಘಟಕ ಸೇರಿಕೊಂಡಿತು. ವ್ಯವಸ್ಥೆಯ ತಿರುಳಿನ ಸ್ಮೃತಿಗೆ ಬಾಗಿಲಾಗಿದ್ದ 'ಕೆಮೆಮ್' ಎಂಬ ಕಡತವನ್ನು 2021ರಲ್ಲಿ ತೆಗೆದೇಹಾಕಲಾಯಿತು. 'ಬೇಬಿ' ಗಣಕದಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತಿದ್ದ ಸ್ಮೃತಿ ಹೀಗೆ ಹಂತಹಂತವಾಗಿ ಗರ್ಭಗುಡಿಯನ್ನು ಸೇರಿದೆ. ಆದ್ದರಿಂದ ಅಭ್ಯಾಸಿಗಳು ತಾವೇ ಬರೆದ ತಂತ್ರಾಂಶದ, ತಮ್ಮದೇ ಗಣಕದ ಸ್ಮೃತಿಯ ಮೇಲೆ ಮಾತ್ರ ಪ್ರಯೋಗ ನಡೆಸುವುದು ಉಚಿತ.

9. ಉಪಸಂಹಾರ

ಮೇಲಿನ ಪರಿಶೀಲನೆಯಿಂದ ಈ ಕೆಳಗಿನ ಅಂಶಗಳು ಸ್ಪಷ್ಟವಾಗುತ್ತವೆ.

(1) ಸ್ಮೃತಿಯಲ್ಲಿರುವ ಸಂಖ್ಯೆಗೆ ಸ್ವತಃ ಅರ್ಥವಿಲ್ಲ. ಸಂಕೇತದ ಪಟ್ಟಿ ಮತ್ತು ಓದುವ ಕ್ರಮ ಗೊತ್ತಿದ್ದಾಗ ಮಾತ್ರ ಅದು ಪಠ್ಯವಾಗುತ್ತದೆ.

(2) ತಿದ್ದುವ ಮೊದಲು ಪೂರ್ಣ ಪ್ರತಿಯನ್ನು ಪಡೆಯಬೇಕು. ಅದು ಒಂದೇ ಕ್ಷಣದ ಪ್ರತಿಯಾಗಿರುವಂತೆ ನೋಡಿಕೊಳ್ಳಬೇಕು.

(3) ದೋಷಕ್ಕೆ ಮೊದಲಿನ ಪ್ರತಿಯೊಂದು ಸುರಕ್ಷಿತವಾಗಿದ್ದರೆ ಮಾತ್ರ ತುಲನೆ ಸಾಧ್ಯ. ವಾಯೇಜರ್-1ರ ಪುನರುಜ್ಜೀವನಕ್ಕೆ ಅಂತಹ ಹಳೆಯ ಪ್ರತಿಯೇ ಆಧಾರವಾಯಿತು.

(4) ತಿದ್ದುಪಡಿ ಕನಿಷ್ಠವಾಗಿರಬೇಕು, ಮೂಲಪಾಠದ ದಾಖಲೆ ಉಳಿಯಬೇಕು, ಸಾಧ್ಯವಿದ್ದಲ್ಲಿ ಬೇರೆಡೆ ಪರೀಕ್ಷಿಸಿದ ಮೇಲೆಯೇ ಅದನ್ನು ಅಳವಡಿಸಬೇಕು.

(5) ಓದುವುದಕ್ಕೂ ತಿದ್ದುವುದಕ್ಕೂ ಅಧಿಕಾರ ಬೇಕು, ಸಾಮರ್ಥ್ಯವೇ ಅಧಿಕಾರವಲ್ಲ.

ಇವುಗಳಲ್ಲಿ ಮೊದಲನೆಯ ಮತ್ತು ಮೂರನೆಯ ಅಂಶಗಳು ಕನ್ನಡ ಅಧ್ಯಯನಕ್ಕೆ ನೇರವಾಗಿ ಸಂಬಂಧಿಸಿವೆ. ಯೂನಿಕೋಡ್‌ಪೂರ್ವದ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚಾದ ಪ್ರಬಂಧಗಳು, ಶಬ್ದಸಂಗ್ರಹಗಳು, ಕ್ಷೇತ್ರಕಾರ್ಯದ ಟಿಪ್ಪಣಿಗಳು ಹಳೆಯ ಗಣಕಗಳಲ್ಲಿಯೂ ತಟ್ಟೆಗಳಲ್ಲಿಯೂ ಬೈಟ್‌ಗಳಾಗಿ ಉಳಿದಿರುವ ಸಾಧ್ಯತೆಯಿದೆ. ಅವುಗಳ ಬೈಟ್‌ಗಳನ್ನು ಓದುವುದು ಕಷ್ಟದ ಕೆಲಸವಲ್ಲ. ಯಾವ ಬೈಟ್ ಯಾವ ಅಕ್ಷರಭಾಗವನ್ನು ಸೂಚಿಸುತ್ತಿತ್ತು ಎಂಬ ಪಟ್ಟಿ ಕೈತಪ್ಪಿದರೆ ಮಾತ್ರ ಆ ಓದು ನಿಷ್ಫಲವಾಗುತ್ತದೆ. ಹಸ್ತಪ್ರತಿ ವಿಭಾಗಗಳು ಲಿಪಿಭೇದಗಳ ಪಟ್ಟಿಗಳನ್ನು ಕಾಪಾಡಿಕೊಂಡು ಬಂದಂತೆ, ಬಳಕೆಯಲ್ಲಿದ್ದ ಪ್ರತಿಯೊಂದು ಕನ್ನಡ ಅಕ್ಷರವಿನ್ಯಾಸದ ಸಂಕೇತಪಟ್ಟಿಯನ್ನೂ, ಅದರಲ್ಲಿ ಬೆರಳಚ್ಚಾದ ಒಂದು ಮಾದರಿ ಕಡತವನ್ನೂ, ಆ ಕಡತದ ಮುದ್ರಿತ ಪ್ರತಿಯನ್ನೂ ಒಟ್ಟಿಗೆ ಸಂಗ್ರಹಿಸಿ ಇಡುವ ಕಾರ್ಯವನ್ನು ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕಾಗಿದೆ. ಆ ಅಕ್ಷರವಿನ್ಯಾಸಗಳನ್ನು ಬಳಸಿ ಬಲ್ಲವರು ನಮ್ಮ ನಡುವೆ ಇರುವಾಗಲೇ ಇದು ನಡೆಯುವುದು ಅವಶ್ಯ.